ಮೌಲೂದಿನ ತುಪ್ಪದನ್ನ, ಹುಟ್ಟುಹಬ್ಬದ ಚಾಕೊಲೇಟ್

ಒಬ್ಬರು ಕರಾವಳಿಯ ಊರೊಂದರ ಮದರಸದಲ್ಲಿ ವರ್ಷಗಟ್ಟಲೆ ಪಾಠ ಹೇಳಿ ಈಗ ಮನೆಯಲ್ಲಿರುವ ಉಸ್ತಾದರು. ಇನ್ನೊಬ್ಬರು ಅದೇ ಊರಿನ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್, ಹಿಂದೂ ಮನೆಯವರು. ಇಬ್ಬರಿಗೂ ಪುಸ್ತಕದ ಹುಚ್ಚು, ಇಬ್ಬರಿಗೂ ಮಾತು ಜಾಸ್ತಿ. ನಡುನಡುವೆ ನಾನು ಬಾಯಿ ಹಾಕಿದ ಕಡೆ ಕಂಸ ಇದೆ.

— ಒಂದೇ ಮಾತಿನಲ್ಲಿ ಹೇಳಿಬಿಡಿ ಉಸ್ತಾದರೇ. ಹುಟ್ಟುಹಬ್ಬ ಮಾಡುವುದು ಇಸ್ಲಾಮಿನಲ್ಲಿ ಹರಾಮೋ ಅಲ್ಲವೋ?

— ಒಂದೇ ಮಾತಿನಲ್ಲಿ ಹೇಳುವವರು ಬೇಕಾದಷ್ಟಿದ್ದಾರೆ ಟೀಚರೇ, ಮೊಬೈಲು ತೆರೆದರೆ ಸಾಕು. ಒಬ್ಬರು ಹರಾಮ್ ಎನ್ನುತ್ತಾರೆ, ಬೆರಳು ಮೇಲಕ್ಕೆ ಸರಿಸಿದರೆ ಇನ್ನೊಬ್ಬರು ಪರವಾಗಿಲ್ಲ ಎನ್ನುತ್ತಾರೆ. ಇಬ್ಬರ ಗಡ್ಡವೂ ಒಂದೇ ಉದ್ದ.

— ಕುರ್‌ಆನಿನಲ್ಲಿ ಏನಿದೆ?

— ಮಾಡಿ ಎಂದೂ ಇಲ್ಲ, ಮಾಡಬೇಡಿ ಎಂದೂ ಇಲ್ಲ. ಮರ್ಯಮ್ ಅಧ್ಯಾಯದಲ್ಲಿ ಯಹ್ಯಾ ಪ್ರವಾದಿಯವರು ಹುಟ್ಟಿದ ದಿನ, ಸಾಯುವ ದಿನ, ಮತ್ತೆ ಎದ್ದು ಬರುವ ದಿನ, ಈ ಮೂರಕ್ಕೂ ಶಾಂತಿಯ ಹಾರೈಕೆ ಇದೆ. ತೊಟ್ಟಿಲ ಮಗು ಈಸಾ, ಅಂದರೆ ಯೇಸು, ತಮ್ಮ ಬಗ್ಗೆ ಇದೇ ಮೂರು ದಿನಗಳನ್ನು ಹೇಳಿಕೊಳ್ಳುತ್ತಾರೆ. ಹುಟ್ಟಿದ ದಿನಕ್ಕೆ ಬೆಲೆಯಿದೆ ಎನ್ನುವವರು ಇದನ್ನು ಮುಂದಿಡುತ್ತಾರೆ. ಎದುರು ಪಕ್ಷದವರ ಉತ್ತರವೂ ಸಿದ್ಧವಾಗಿಯೇ ಇದೆ: ಅದು ಒಂದೇ ಸಲ ಬಂದು ಹೋದ ದಿನ, ವರ್ಷವರ್ಷವೂ ತಿರುಗಿ ಬರುವ ದಿನವಲ್ಲ.

— ಪ್ರವಾದಿಯವರು ತಮ್ಮ ಹುಟ್ಟಿದ ದಿನ ಏನಾದರೂ ಮಾಡುತ್ತಿದ್ದರೇ?

— ಮಾಡುತ್ತಿದ್ದರು. ನಿಮಗೆ ಆಶ್ಚರ್ಯವಾಗಬಹುದು, ವಾರಕ್ಕೊಮ್ಮೆ ಮಾಡುತ್ತಿದ್ದರು. ಸೋಮವಾರ ಉಪವಾಸ ಇರುವುದೇಕೆ ಎಂದು ಕೇಳಿದಾಗ, ನಾನು ಹುಟ್ಟಿದ್ದು ಆ ದಿನ, ನನಗೆ ದಿವ್ಯವಾಣಿ ಬಂದದ್ದೂ ಆ ದಿನ ಎಂಬ ಅರ್ಥದ ಉತ್ತರ ಕೊಟ್ಟರು. ಅಬೂ ಕತಾದಾ ಎಂಬ ಸಂಗಾತಿ ಹೇಳಿದ ಹದೀಸು, ಸಹೀಹ್ ಮುಸ್ಲಿಮ್ ಎಂಬ ಸಂಗ್ರಹದಲ್ಲಿದೆ. ಅದರ ಪ್ರಾಮಾಣ್ಯದ ಬಗ್ಗೆ ಜಗಳವಿಲ್ಲ.

— ಮತ್ತೆ ಯಾವುದರ ಬಗ್ಗೆ ಜಗಳ?

— ಅದರಿಂದ ಏನು ಹೊರಡುತ್ತದೆ ಎಂಬುದರ ಬಗ್ಗೆ. ನೋಡಿ, ಹುಟ್ಟಿದ ದಿನವನ್ನು ನೆನೆಯಬಹುದು ಎಂದಾಯಿತಲ್ಲ ಎಂದು ಒಬ್ಬರು. ನೆನೆಯುವುದಾದರೆ ಅವರು ನೆನೆದ ಹಾಗೆ ನೆನೆಯಿರಿ, ಊಟ ಹಾಕಿಸಿ ಅಲ್ಲ, ಊಟ ಬಿಟ್ಟು. ವರ್ಷಕ್ಕೊಮ್ಮೆ ಅಲ್ಲ, ಪ್ರತಿ ಸೋಮವಾರ ಎಂದು ಇನ್ನೊಬ್ಬರು. ಎರಡನೆಯವರ ಮಾತಿಗೆ ಒಪ್ಪಿದರೆ ಬೇಕರಿಯವರು ಅಂಗಡಿ ಮುಚ್ಚಬೇಕಾಗುತ್ತದೆ.

— ನನ್ನ ತರಗತಿಯ ವಿಷಯಕ್ಕೆ ಬರುತ್ತೇನೆ. ಹುಟ್ಟುಹಬ್ಬದ ದಿನ ಮಗು ಯೂನಿಫಾರ್ಮ್ ಬಿಟ್ಟು ಬಣ್ಣದ ಅಂಗಿ ಹಾಕಿಕೊಂಡು ಬರುತ್ತದೆ. ನಾವೆಲ್ಲ ಹಾಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಮಗು ಎಲ್ಲರಿಗೂ ಚಾಕೊಲೇಟ್ ಹಂಚುತ್ತದೆ. ಈ ವರ್ಷ ಒಬ್ಬ ತಾಯಿ ಬಂದು, ನಮ್ಮ ಮಗುವಿನ ಹುಟ್ಟುಹಬ್ಬ ತರಗತಿಯಲ್ಲಿ ಮಾಡಬೇಡಿ ಎಂದರು. ಅದೇ ಬೀದಿಯ ಇನ್ನೊಬ್ಬ ತಾಯಿ, ಅವರೂ ಬುರ್ಖಾ ಹಾಕುವವರೇ, ಮಗಳ ಹುಟ್ಟುಹಬ್ಬಕ್ಕೆ ಎರಡು ಪ್ಯಾಕೆಟ್ ಚಾಕೊಲೇಟ್ ಕಳಿಸಿದ್ದಾರೆ. ನಿಮ್ಮ ಧರ್ಮ ಯಾವುದನ್ನು ಹೇಳುತ್ತದೆ ಎಂದು ನನಗೆ ಗೊತ್ತಾಗಬೇಡವೇ?

— ಎರಡನ್ನೂ ಹೇಳುತ್ತದೆ. ಜಾರಿಕೊಳ್ಳಲು ಹೇಳುತ್ತಿಲ್ಲ. ನಮ್ಮ ಶಾಸ್ತ್ರ ಓದುವವರು ಯಾವ ಕೆಲಸವನ್ನೇ ಆಗಲಿ ಮೊದಲು ಒಂದು ಕಪಾಟಿನಲ್ಲಿಡುತ್ತಾರೆ. ಕಪಾಟು ಎರಡು. ಒಂದು ಇಬಾದತ್, ಅಂದರೆ ದೇವರ ಆರಾಧನೆಗೆ ಸೇರಿದ್ದು. ಇನ್ನೊಂದು ಆದತ್, ಜನರ ರೂಢಿಗೆ ಸೇರಿದ್ದು. ಆರಾಧನೆಯ ಕಪಾಟಿನಲ್ಲಿ ನಿಯಮ ಏನೆಂದರೆ, ಪ್ರವಾದಿ ಕಲಿಸಿದ್ದು ಮಾತ್ರ ಸರಿ, ಹೊಸದಾಗಿ ಸೇರಿಸಿದ್ದೆಲ್ಲ ತಿರಸ್ಕೃತ. ರೂಢಿಯ ಕಪಾಟಿನಲ್ಲಿ ನಿಯಮ ತಿರುಗುಮುರುಗು: ಬೇಡ ಎಂದು ಹೇಳಿರದಿದ್ದರೆ ಎಲ್ಲವೂ ಸರಿ. ಇಡ್ಲಿ ತಿನ್ನಬಹುದೇ ಎಂದು ಹದೀಸಿನಲ್ಲಿ ಹುಡುಕುವುದಿಲ್ಲವಲ್ಲ ನಾವು, ಹಾಗೆ. ಈಗ ಹುಟ್ಟುಹಬ್ಬವನ್ನು ಯಾವ ಕಪಾಟಿನಲ್ಲಿಡುತ್ತೀರಿ?

— ರೂಢಿಯಲ್ಲಿ. ಕೇಕಿಗೂ ಆರಾಧನೆಗೂ ಏನು ಸಂಬಂಧ?

— ಈಜಿಪ್ಟಿನ ಫತ್ವಾ ಸಂಸ್ಥೆ ದಾರುಲ್ ಇಫ್ತಾ ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಇದು ಸಾಮಾಜಿಕ ಪದ್ಧತಿ. ದೇವರಿಗೆ ಕೃತಜ್ಞತೆ ಇರಲಿ, ಕೆಟ್ಟದ್ದು ಸೇರದಿರಲಿ, ಅಷ್ಟೆ. ಆದರೆ ಸೌದಿಯ ಮುಫ್ತಿಯಾಗಿದ್ದ ಇಬ್ನ್ ಬಾಝ್ ಇರಲಿ, ನಮ್ಮ ದೇವಬಂದದ ದಾರುಲ್ ಉಲೂಮಿನ ಮುಫ್ತಿಗಳಿರಲಿ, ಬೇಡ ಎಂದವರು. ಅವರ ವಾದ ಎರಡು ಕಾಲಿನ ಮೇಲೆ ನಿಂತಿದೆ. ಮೊದಲನೆಯದು: ವರ್ಷವರ್ಷ ಮರಳಿ ಬರುವ ಸಂಭ್ರಮದ ದಿನವೊಂದನ್ನು ನಿಗದಿ ಮಾಡುವುದೇ ಧರ್ಮದ ಕೆಲಸ, ಜನ ಮಾಡುವಂಥದ್ದಲ್ಲ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿಯವರಿಗೆ ಆಟ ವಿನೋದದ ಎರಡು ದಿನಗಳಿದ್ದವು. ಅವುಗಳ ಬದಲಿಗೆ ಅಲ್ಲಾಹನು ನಿಮಗೆ ಇನ್ನೂ ಒಳ್ಳೆಯ ಎರಡು ದಿನ ಕೊಟ್ಟಿದ್ದಾನೆ ಎಂದು ಎರಡು ಈದ್‌ಗಳನ್ನು ತೋರಿಸಿದರು ಎಂದು ಅಬೂ ದಾವೂದರ ಸಂಗ್ರಹದಲ್ಲಿದೆ. ಬದಲಿಗೆ ಕೊಟ್ಟದ್ದು ಎಂದ ಮೇಲೆ ಹಳೆಯದನ್ನು ಬಿಡಬೇಕು, ಮೂರನೆಯದನ್ನು ಸೇರಿಸಬಾರದು.

— ಎರಡನೇ ಕಾಲು?

— ಅನ್ಯರ ಅನುಕರಣೆ. ಯಾರನ್ನು ಅನುಕರಿಸುತ್ತೀರೋ ಅವರಲ್ಲಿ ಒಬ್ಬರಾಗುತ್ತೀರಿ ಎಂಬರ್ಥದ ಹದೀಸೂ ಅಬೂ ದಾವೂದಿನಲ್ಲಿದೆ. ಕೇಕು, ಮೇಣದ ಬತ್ತಿ, ಉಫ್ ಎಂದು ಊದುವುದು, ಇಂಗ್ಲಿಷ್ ಹಾಡು. ಇದರಲ್ಲಿ ನಮ್ಮದೇನಿದೆ ಎಂದು ಕೇಳುತ್ತಾರೆ.

— ನಮ್ಮದೂ ಏನಿಲ್ಲ ಉಸ್ತಾದರೇ! ನಮ್ಮ ಅಜ್ಜಿಗೆ ಆ ಊದುವುದನ್ನು ಕಂಡರೆ ಆಗುತ್ತಿರಲಿಲ್ಲ. ಹುಟ್ಟಿದ ದಿನ ದೀಪ ಹಚ್ಚಬೇಕೋ ಆರಿಸಬೇಕೋ ಎಂದು ಬೈಯುತ್ತಿದ್ದರು. ಅವರ ಲೆಕ್ಕದಲ್ಲಿ ಜನ್ಮನಕ್ಷತ್ರ ಬಂದ ದಿನ ಎಣ್ಣೆಸ್ನಾನ, ಆರತಿ, ಪಾಯಸ. ತಾರೀಖು ಯಾರಿಗೂ ಬೇಕಿರಲಿಲ್ಲ.

— ನೋಡಿ, ನಿಮ್ಮ ಅಜ್ಜಿಯೂ ಅನುಕರಣೆಯ ವಿರೋಧಿಯೇ. ಇದು ನಮ್ಮವರದೇ ರೋಗವೇನಲ್ಲ. 3ನೇ ಶತಮಾನದಲ್ಲಿ ಒರಿಗೆನ್ ಎಂಬ ಕ್ರೈಸ್ತ ವಿದ್ವಾಂಸ ಇದ್ದ, ಅಲೆಕ್ಸಾಂಡ್ರಿಯಾದವ. ಬೈಬಲಿನಲ್ಲಿ ಹುಟ್ಟಿದ ದಿನ ಔತಣ ಮಾಡಿದವರು ಫರೋಹ, ಹೆರೋದನಂಥ ಪಾಪಿಗಳು ಮಾತ್ರ, ಸಂತರು ಯಾರೂ ಮಾಡಲಿಲ್ಲ ಎಂದು ವಾದಿಸಿದ್ದ. ಯೆಹೋವನ ಸಾಕ್ಷಿಗಳು ಇವತ್ತಿಗೂ ಹುಟ್ಟುಹಬ್ಬ ಮಾಡುವುದಿಲ್ಲ.

— ಆದರೆ ಅನುಕರಣೆ ಎಂಬುದಕ್ಕೆ ಕೊನೆ ಎಲ್ಲಿ? ಪ್ಯಾಂಟು, ಕುರ್ಚಿ, ಮೊಬೈಲು?

— ಅದೇ ಪ್ರಶ್ನೆಯನ್ನು ಪರವಾಗಿಲ್ಲ ಎನ್ನುವವರು ಕೇಳುತ್ತಾರೆ. ಇನ್ನೊಬ್ಬರ ಧರ್ಮಕ್ಕೇ ಮೀಸಲಾದದ್ದನ್ನು ಮಾಡಿದರೆ ಅನುಕರಣೆ, ಲೋಕವೆಲ್ಲ ಮಾಡುವುದನ್ನು ಮಾಡಿದರೆ ಅಲ್ಲ ಎನ್ನುತ್ತಾರೆ. 2008ರಲ್ಲಿ ಸೌದಿಯಲ್ಲೇ ಇದು ದೊಡ್ಡ ಸುದ್ದಿಯಾಯಿತು. ಸಲ್ಮಾನ್ ಅಲ್ ಔದಾ ಎಂಬ ಹೆಸರಾಂತ ವಿದ್ವಾಂಸರು ಟಿವಿಯಲ್ಲಿ ಕುಳಿತು, ಹುಟ್ಟಿದ ದಿನಕ್ಕೋ ಮದುವೆಯ ದಿನಕ್ಕೋ ನಾಲ್ಕು ಜನ ಸೇರಿ ಸಂತೋಷಪಟ್ಟರೆ ತಪ್ಪಿಲ್ಲ, ಅದನ್ನು ಈದ್ ಎಂದು ಕರೆಯಬೇಡಿ ಅಷ್ಟೇ ಎಂದುಬಿಟ್ಟರು. ದೇಶದ ಪ್ರಧಾನ ಮುಫ್ತಿ ಕೂಡಲೇ ಖಂಡಿಸಿದರು. ಮುಸಲ್ಮಾನರಿಗೆ ಇರುವುದು ಎರಡು ಈದ್ ಮತ್ತು ವಾರದ ಜುಮಾ ಎಂದರು. ಒಂದೇ ದೇಶ, ಒಂದೇ ಬಗೆಯ ಓದು.

(ಉಸ್ತಾದರು ಇಲ್ಲಿ ಎರಡೂ ಕಡೆಗೆ ಸಮನಾಗಿ ತೂಗುತ್ತಿದ್ದಾರೆ ಎಂದು ನನಗೆ ಅನುಮಾನ. ಔದಾ ಹೇಳಿದ್ದು ಬರೀ ಹೆಸರಿನ ಮಾತಲ್ಲ. ಈದ್ ಎನ್ನದಿದ್ದರೆ ಅದು ಆರಾಧನೆಯ ಕಪಾಟಿನಿಂದ ಇಳಿದು ರೂಢಿಯ ಕಪಾಟಿಗೆ ಬರುತ್ತದೆ. ಇಡೀ ವಾದ ಗೆದ್ದ ಹಾಗೆಯೇ.)

— ಹಾಗಾದರೆ ಕೇಕು ಬರುವ ಮೊದಲು ಮುಸಲ್ಮಾನರ ಮನೆಗಳಲ್ಲಿ ಹುಟ್ಟಿದ ದಿನ ಏನೂ ಇರಲಿಲ್ಲವೇ?

— ಯಾರು ಹೇಳಿದ್ದು? ಜಾಫರ್ ಶರೀಫ್ ಎಂಬ ದಖ್ಖನಿನ ಮುಸಲ್ಮಾನ ತಮ್ಮವರ ರೀತಿ ರಿವಾಜುಗಳನ್ನೆಲ್ಲ ಬರೆದುಕೊಟ್ಟದ್ದನ್ನು ಹರ್ಕ್ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ತಂದ. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ‘ಕಾನೂನ್-ಎ-ಇಸ್ಲಾಂ’. ಹೆಸರು ಕೇಳಿ ಶಾಸ್ತ್ರಗ್ರಂಥ ಎಂದುಕೊಳ್ಳಬೇಡಿ, ಅದು ಜನ ಮಾಡುತ್ತಿದ್ದ ಆಚರಣೆಗಳ ವಿವರ. ಅದರಲ್ಲಿ ಸಾಲ್‌ಗಿರಹ್ ಇದೆ. ಮಗುವಿಗೆಂದು ಒಂದು ದಾರ ಇಟ್ಟಿರುತ್ತಾರೆ, ವರ್ಷಕ್ಕೊಂದು ಗಂಟು ಹಾಕುತ್ತಾರೆ, ಫಾತಿಹಾ ಓದಿ ನಂಟರಿಗೆ ಊಟ ಹಾಕುತ್ತಾರೆ. ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸಿ ಅಕ್ಷರ ಕಲಿಸಲು ಕೂರಿಸುವ ಪದ್ಧತಿ ಇನ್ನೊಂದು. ಅದು ಈಗಲೂ ಬಯಲುಸೀಮೆಯ ಉರ್ದು ಮಾತಾಡುವ ಮನೆಗಳಲ್ಲಿದೆ. ಹುಟ್ಟಿದ ದಿನದ ಲೆಕ್ಕ ಇಲ್ಲದೆ ಇಷ್ಟು ಕರಾರುವಾಕ್ಕಾಗಿ ಹೇಗೆ ಮಾಡುತ್ತಾರೆ?

— ಇದು ನನಗೆ ಗೊತ್ತೇ ಇರಲಿಲ್ಲ.

— ನಮ್ಮ ಹುಡುಗರಿಗೂ ಗೊತ್ತಿಲ್ಲ. ಹುಟ್ಟುಹಬ್ಬ ಅಂದರೆ ಇಂಗ್ಲಿಷರಿಂದ ಬಂದದ್ದು ಎಂದೇ ಅವರ ತಿಳಿವಳಿಕೆ. ಮೊಗಲರದ್ದು ಕೇಳಿ. ಅಕ್ಬರನೂ ಜಹಾಂಗೀರನೂ ವರ್ಷಕ್ಕೆ ಎರಡು ಸಲ ಹುಟ್ಟಿದ ದಿನ ಮಾಡಿಕೊಳ್ಳುತ್ತಿದ್ದರು. ಸೂರ್ಯನ ಲೆಕ್ಕದಲ್ಲಿ ಒಂದು, ಚಂದ್ರನ ಲೆಕ್ಕದಲ್ಲಿ ಒಂದು. ಎರಡು ಸಲವೂ ತಕ್ಕಡಿಯಲ್ಲಿ ಕೂತು ಚಿನ್ನ, ಬೆಳ್ಳಿ, ಬಟ್ಟೆ, ಧಾನ್ಯಗಳಿಗೆ ತಮ್ಮನ್ನು ತೂಗಿಸಿಕೊಂಡು ದಾನ ಮಾಡುವುದು. 1617ರಲ್ಲಿ ಮಾಂಡುವಿನಲ್ಲಿ ಜಹಾಂಗೀರನ ತೂಕವನ್ನು ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ.

— ತುಲಾಭಾರ! ನಮ್ಮ ದೇವಸ್ಥಾನಗಳಲ್ಲಿ ಮಾಡಿಸುತ್ತೇವಲ್ಲ.

— ಅದೇ. ಅಲ್ಲಿಂದಲೇ ತೆಗೆದುಕೊಂಡದ್ದು. ಔರಂಗಜೇಬ ಅದನ್ನು ತನಗೆ ಬೇಡವೆಂದು ನಿಲ್ಲಿಸಿದ. ಅವನಿಗೂ ಕಾರಣ ಬೇರೆ ಇರಲಿಲ್ಲ, ಶಾಸ್ತ್ರದಲ್ಲಿಲ್ಲ ಎಂಬುದೇ. ಅಂದರೆ ಈಗ ನಿಮ್ಮ ತರಗತಿಗೆ ಬಂದ ಜಗಳ ಒಮ್ಮೆ ಮೊಗಲರ ಅರಮನೆಗೂ ಬಂದಿತ್ತು.

— ಇಷ್ಟು ಹೊತ್ತು ಮನುಷ್ಯರ ಹುಟ್ಟುಹಬ್ಬದ ಮಾತಾಯಿತು. ನನಗೆ ಅರ್ಥವಾಗದ್ದು ಇನ್ನೊಂದು. ಈದ್ ಮಿಲಾದ್ ದಿನ ಊರಿಗೆ ಊರೇ ಹಸಿರು ಬಾವುಟ, ದಫ್, ಮೆರವಣಿಗೆ. ಪ್ರವಾದಿಯವರ ಹುಟ್ಟುಹಬ್ಬ ಮಾಡಬಹುದಾದರೆ ಮಗುವಿನದ್ದು ಯಾಕೆ ಬೇಡ?

— ಇದನ್ನು ಕೇಳುತ್ತೀರಿ ಎಂದು ಕಾಯುತ್ತಿದ್ದೆ. ಮೊದಲು ಒಂದು ತಿದ್ದುಪಡಿ. ಮಿಲಾದ್ ಮಾಡಬಹುದು ಎಂದು ಎಲ್ಲರೂ ಒಪ್ಪಿಲ್ಲ. ಪ್ರವಾದಿಯವರ ಕಾಲದಲ್ಲಿ ಇರಲಿಲ್ಲ, ಅವರ ಸಂಗಾತಿಗಳ ಕಾಲದಲ್ಲಿ ಇರಲಿಲ್ಲ. ಈಜಿಪ್ಟಿನಲ್ಲಿ ಫಾತಿಮಿ ಖಲೀಫರ ಆಸ್ಥಾನದಲ್ಲಿ ಇತ್ತು. ಸುನ್ನಿಗಳಲ್ಲಿ ದೊಡ್ಡದಾಗಿ ಮಾಡಿ ಹೆಸರಾದವನು ಇರಾಕಿನ ಅರ್ಬಿಲ್‌ನ ದೊರೆ ಮುಝಫ್ಫರುದ್ದೀನ್, ಸಲಾಹುದ್ದೀನನ ಭಾವ. 13ನೇ ಶತಮಾನದ ಆರಂಭ. ಅರ್ಬಿಲ್‌ನಲ್ಲೇ ಹುಟ್ಟಿದ ಇಬ್ನ್ ಖಲ್ಲಿಕಾನ್ ಎಂಬ ಚರಿತ್ರೆಕಾರ ಆ ಸಂಭ್ರಮವನ್ನು ವರ್ಣಿಸಿದ್ದಾನೆ. ದೂರದೂರದಿಂದ ವಿದ್ವಾಂಸರು, ಸೂಫಿಗಳು, ಕವಿಗಳು ಬರುತ್ತಿದ್ದರು. ಮರದ ಎತ್ತರದ ಮಂಟಪಗಳು, ಹಾಡು, ದೀಪ, ಲೆಕ್ಕವಿಲ್ಲದಷ್ಟು ಕುರಿ ಒಂಟೆಗಳ ಅಡುಗೆ. ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ವಿವರ. ಒಂದು ವರ್ಷ ರಬೀವುಲ್ ಅವ್ವಲ್ 8ಕ್ಕೆ ಮಾಡಿದರೆ ಮುಂದಿನ ವರ್ಷ 12ಕ್ಕೆ ಮಾಡುತ್ತಿದ್ದನಂತೆ.

— ಅದೇಕೆ?

— ಯಾವ ದಿನ ಹುಟ್ಟಿದರು ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತ ಇಲ್ಲವಲ್ಲ! ಸೋಮವಾರ ಎಂಬುದು ಖಚಿತ, ಆನೆಯ ವರ್ಷ ಎಂದು ಹೆಚ್ಚಿನವರ ಮಾತು, ಅಂದರೆ ಸುಮಾರು 570. ತಾರೀಖು ಮಾತ್ರ ಒಬ್ಬೊಬ್ಬರದು ಒಂದೊಂದು. ಶಿಯಾಗಳು 17 ಎನ್ನುತ್ತಾರೆ. ದೊರೆ ಯಾರಿಗೂ ಬೇಸರವಾಗದಂತೆ ನೋಡಿಕೊಂಡ. ಅಂದಲೂಸಿಯಾದಿಂದ ಬಂದ ಇಬ್ನ್ ದಿಹ್ಯಾ ಎಂಬ ವಿದ್ವಾಂಸ 1207ರಲ್ಲಿ ಅವನಿಗಾಗಿ ಮೌಲಿದ್, ಅಂದರೆ ಮಿಲಾದಿನ, ಬಗ್ಗೆ ಪುಸ್ತಕ ಬರೆದುಕೊಟ್ಟು ಸಾವಿರ ದೀನಾರು ಇನಾಮು ಪಡೆದ.

— ವಿರೋಧಿಸಿದವರು ಯಾರು?

— ಮಾಲಿಕಿ ಪಂಥದ ಫಾಕಿಹಾನಿ, ಇದಕ್ಕೆ ಕುರ್‌ಆನಿನಲ್ಲೂ ಸುನ್ನತ್ತಿನಲ್ಲೂ ಬುಡವಿಲ್ಲ ಎಂದು ಒಂದು ಹೊತ್ತಗೆಯನ್ನೇ ಬರೆದರು. ಸುಯೂತಿ ಎಂಬ ವಿದ್ವಾಂಸರು ಆಮೇಲೆ ಅದಕ್ಕೆ ಉತ್ತರವಾಗಿ ಇನ್ನೊಂದು ಬರೆದರು. ಸುಯೂತಿಯವರ ಪಕ್ಷದಲ್ಲಿ ಒಂದು ಒಳ್ಳೆಯ ವಾದವನ್ನು ಇಬ್ನ್ ಹಜರ್ ಅಸ್ಕಲಾನಿ ಮೊದಲೇ ಕೊಟ್ಟಿದ್ದರು. ಮೂಸಾ ಪ್ರವಾದಿಯವರು ಫಿರ್‌ಔನನಿಂದ, ಅಂದರೆ ಫರೋಹನಿಂದ, ಪಾರಾದ ದಿನವೆಂದು ಮದೀನಾದ ಯಹೂದಿಗಳು ಉಪವಾಸ ಇರುತ್ತಿದ್ದರು. ಅದನ್ನು ಕೇಳಿ ನಮ್ಮ ಪ್ರವಾದಿಯವರೂ ಆಶೂರಾದ ಉಪವಾಸ ಹಿಡಿದರು. ಹಾಗಾದರೆ ದೇವರ ಉಪಕಾರ ಸಿಕ್ಕ ದಿನ ಮರಳಿ ಬಂದಾಗ ಕೃತಜ್ಞತೆ ಸಲ್ಲಿಸುವುದಕ್ಕೆ ಆಧಾರ ಇದೆಯಲ್ಲ? ನನಗೆ ಇದು ಗಟ್ಟಿ ವಾದವೆಂದೇ ತೋರುತ್ತದೆ.

— ಇಬ್ನ್ ತೈಮಿಯ್ಯಾ? ಎಲ್ಲಾ ಕಟ್ಟುನಿಟ್ಟಿನವರೂ ಅವರ ಹೆಸರನ್ನೇ ಹೇಳುತ್ತಾರೆ.

— ಅವರ ಮಾತು ಪೂರ್ತಿ ಓದಿದವರು ಕಡಿಮೆ. ಮೌಲಿದ್ ಹೊಸದಾಗಿ ಸೇರಿಸಿದ್ದು, ಹಿಂದಿನ ಸಜ್ಜನರು ಮಾಡಿಲ್ಲ, ಒಳ್ಳೆಯದಾಗಿದ್ದರೆ ಅವರೇ ಮೊದಲು ಮಾಡುತ್ತಿದ್ದರು ಎಂದು ತಮ್ಮ ಪುಸ್ತಕವೊಂದರಲ್ಲಿ ಖಂಡಿಸುತ್ತಾರೆ, ನಿಜ. ಅದೇ ಪುಸ್ತಕದಲ್ಲಿ, ಪ್ರವಾದಿಯವರ ಮೇಲಿನ ಪ್ರೀತಿಯಿಂದ ಮಾಡುವವರಿಗೆ ಅವರ ಉದ್ದೇಶಕ್ಕೆ ಪುಣ್ಯ ಸಿಗಬಹುದು ಎಂದೂ ಹೇಳುತ್ತಾರೆ. ಕೆಲಸಕ್ಕಲ್ಲ, ಉದ್ದೇಶಕ್ಕೆ. ಕಟ್ಟುನಿಟ್ಟಿನವರು ಮೊದಲರ್ಧ ಹೇಳುತ್ತಾರೆ, ಮೌಲಿದ್‌ನವರು ಉಳಿದರ್ಧ ಹೇಳುತ್ತಾರೆ. ಇನ್ನೊಂದು ಕೇಳಿ. ದೇವಬಂದದ ಹಿರಿಯರೆಲ್ಲ ಗುರುವೆಂದು ನಡೆದುಕೊಂಡ ಹಾಜಿ ಇಮ್ದಾದುಲ್ಲಾ ಮುಹಾಜಿರ್ ಮಕ್ಕಿ ಸ್ವತಃ ಮೌಲಿದ್ ಸಭೆಯಲ್ಲಿ ಕೂರುತ್ತಿದ್ದರು, ನನಗೆ ಅದರಲ್ಲಿ ಸಂತೋಷವಿದೆ ಎಂದು ಬರೆದರು. ಶಿಷ್ಯರು ಒಪ್ಪಲಿಲ್ಲ. ಗುರುವನ್ನು ಬಿಡಲೂ ಇಲ್ಲ.

— ನಿಮ್ಮ ಮನೆಯಲ್ಲಿ?

— ನಮ್ಮದು ಬ್ಯಾರಿ ಮನೆ, ಶಾಫಿಈ ಮದ್‌ಹಬ್. ರಬೀವುಲ್ ಅವ್ವಲ್ ಬಂತೆಂದರೆ ಮೌಲೂದ್, ಅಂದರೆ ಪ್ರವಾದಿಯವರ ಹುಟ್ಟನ್ನು ಹೊಗಳುವ ಪಾಠ, ಓದದ ರಾತ್ರಿ ಇರುತ್ತಿರಲಿಲ್ಲ. ಮನ್‌ಕೂಸ್ ಮೌಲೂದ್, ಪೊನ್ನಾನಿಯ ಝೈನುದ್ದೀನ್ ಮಖ್ದೂಮರದ್ದು. ರೋಗ ಹಬ್ಬಿದ್ದಾಗ ಊರಿನ ಕ್ಷೇಮಕ್ಕೆಂದು ಬರೆದದ್ದು ಎಂಬ ಪ್ರತೀತಿ ಇದೆ. ಇನ್ನು ಬರ್ಝಂಜಿ, ಶರಫಲ್ ಅನಾಮ್. ಓದಿ ಮುಗಿದ ಮೇಲೆ ತುಪ್ಪದನ್ನ, ಮಾಂಸದ ಸಾರು. ನಮಗೆ ಮಕ್ಕಳಿಗೆ ಅರಬಿ ಅರ್ಥವಾಗುತ್ತಿರಲಿಲ್ಲ, ತುಪ್ಪದನ್ನ ಅರ್ಥವಾಗುತ್ತಿತ್ತು. ಆದರೆ ಅದೇ ಮನೆಯಲ್ಲಿ ನಮ್ಮ ಉಮ್ಮನ ಹುಟ್ಟಿದ ದಿನ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ.

— ಸ್ವಲ್ಪವೂ?

— ಮಾರಿಬೊಳ್ಳದ ವರ್ಷ ಎಂಬುದಷ್ಟೇ ಗೊತ್ತು. 1923ರಲ್ಲಿ ನೇತ್ರಾವತಿ ಉಕ್ಕಿದ್ದು. ನನ್ನದಾದರೆ ಹಜ್ಜ್ ಪೆರ್ನಾಲಿನ, ಅಂದರೆ ಬಕ್ರೀದಿನ, ಹಿಂದಿನ ವಾರ ಎಂದು ಉಮ್ಮ ಹೇಳುತ್ತಿದ್ದರು. ತಿಂಗಳು ಗೊತ್ತು, ವರ್ಷ ಗೊತ್ತಿಲ್ಲ. ಸರ್ಟಿಫಿಕೇಟಿನಲ್ಲಿ ಜೂನ್ 1.

— ಅಯ್ಯೋ, ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಪುಟ ತುಂಬ ಜೂನ್ 1ರವರೇ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ. ಮಾಸ್ತರರು ಕೈಯೋ ಹಲ್ಲೋ ನೋಡಿ ವರ್ಷ ಹಾಕಿ, ಶಾಲೆ ಶುರುವಾಗುವ ತಿಂಗಳನ್ನೇ ಹುಟ್ಟಿದ ತಿಂಗಳು ಮಾಡಿಬಿಡುತ್ತಿದ್ದರು.

— ಹಾಗಾಗಿ ನನ್ನಂಥವರಿಗೆ ಈ ಫತ್ವಾದ ಕಷ್ಟವೇ ಬರಲಿಲ್ಲ. ಆದರೆ ವಯಸ್ಸಿನ ಲೆಕ್ಕ ಇಡುವುದು ನಮ್ಮಲ್ಲಿ ಬೇಕಾದದ್ದೇ. ಪ್ರಾಯಕ್ಕೆ ಬಂದ ಬೇರೆ ಲಕ್ಷಣ ಕಾಣದಿದ್ದರೆ ಶಾಫಿಈಗಳಲ್ಲಿ 15 ಚಾಂದ್ರ ವರ್ಷ ತುಂಬಿದಾಗ ನಮಾಝು, ಉಪವಾಸ ಕಡ್ಡಾಯ. ಚಾಂದ್ರ ವರ್ಷ ಅಂದರೆ 354 ಅಥವಾ 355 ದಿನ. ನಿಮ್ಮ 33 ವರ್ಷಕ್ಕೆ ನಮ್ಮದು 34 ಆಗುತ್ತದೆ. ಪ್ರವಾದಿಯವರು 63 ವರ್ಷ ಬದುಕಿದರು ಎನ್ನುತ್ತೇವಲ್ಲ, ಅದು ಚಂದ್ರನ ಲೆಕ್ಕ. ಸೂರ್ಯನ ಲೆಕ್ಕದಲ್ಲಿ 61 ಆಸುಪಾಸು. ಆ ಪ್ರಕಾರ ನೋಡಿದರೆ ಜೂನ್ 1ಕ್ಕೆ ಕೇಕು ಕತ್ತರಿಸುವ ಮುಸಲ್ಮಾನನ ಧಾರ್ಮಿಕ ವಯಸ್ಸು ಆ ದಿನ ತುಂಬುವುದೇ ಇಲ್ಲ, ಮೊದಲೇ ತುಂಬಿರುತ್ತದೆ.

— ನಿಮ್ಮಲ್ಲಿ ಹುಟ್ಟಿದ ದಿನಕ್ಕಿಂತ ಸತ್ತ ದಿನಕ್ಕೇ ಹೆಚ್ಚು ಮಹತ್ವ ಎಂದು ನನಗೆ ಅನಿಸಿದ್ದುಂಟು.

— ದರ್ಗಾಗಳ ಮಟ್ಟಿಗೆ ಸರಿ. ಕಲಬುರಗಿಯ ಖ್ವಾಜಾ ಬಂದೇನವಾಝರು ತೀರಿಕೊಂಡದ್ದು 1422ರಲ್ಲಿ. ಇಂದಿಗೂ ಝುಲ್‌ಕಅದ್ ತಿಂಗಳಲ್ಲಿ ಅವರ ಉರೂಸಿಗೆ ಲಕ್ಷಗಟ್ಟಲೆ ಜನ. ಅವರು ಹುಟ್ಟಿದ್ದು ಯಾವಾಗ ಎಂದು ಆ ಜನರಲ್ಲಿ ಎಷ್ಟು ಮಂದಿಗೆ ಗೊತ್ತು? ಸಂತನಿಗೆ ಸಾವೆಂದರೆ ದೇವರನ್ನು ಸೇರುವ ದಿನ, ಅದು ದುಃಖದ ದಿನವಲ್ಲ. ಕಟ್ಟುನಿಟ್ಟಿನವರು ಉರೂಸನ್ನೂ ಒಪ್ಪುವುದಿಲ್ಲ, ಅದು ಬೇರೆ ಮಾತು. ಇನ್ನೊಂದು ನೋಡಿ, ಪ್ರವಾದಿಯವರು ತೀರಿಕೊಂಡದ್ದೂ ರಬೀವುಲ್ ಅವ್ವಲ್ 12 ಎಂದೇ ಪ್ರಸಿದ್ಧ. ಹಿಂದೆ ದಖ್ಖನಿ ಮನೆಗಳಲ್ಲಿ ಆ ದಿನವನ್ನು ಬಾರಾ ವಫಾತ್ ಎನ್ನುತ್ತಿದ್ದರು, ಅಂದರೆ ಸಾವಿನ ನೆನಪು. ಒಂದೇ ತಾರೀಖು ಶೋಕದಿಂದ ಸಂಭ್ರಮಕ್ಕೆ ಬಂದಿತು. ವಿ. ಪಿ. ಸಿಂಗ್ ಸರಕಾರ 1990ರಲ್ಲಿ ಮಿಲಾದನ್ನು ರಾಷ್ಟ್ರೀಯ ರಜೆ ಮಾಡಿದ ಮೇಲಂತೂ ಅದು ಗಟ್ಟಿಯಾಯಿತು.

— ಟಿಪ್ಪು ಜಯಂತಿಯ ಗಲಾಟೆ ನೆನಪಾಯಿತು.

— ಒಳ್ಳೆಯ ಉದಾಹರಣೆ. ಶ್ರೀರಂಗಪಟ್ಟಣದ ಗುಂಬಝಿನಲ್ಲಿ ಟಿಪ್ಪುವಿನ ಉರೂಸು ಬಹಳ ಹಿಂದಿನಿಂದ ನಡೆಯುತ್ತದೆ. ಅವನು ಸತ್ತದ್ದು 1799ರ ಮೇ 4, ಹಿಜರಿ ಲೆಕ್ಕದಲ್ಲಿ ಝುಲ್‌ಕಅದ್‌ನ ಕೊನೆ. ಜನ ಗೋರಿಗೆ ಬರುತ್ತಾರೆ, ಗಂಧ ಏರಿಸುತ್ತಾರೆ, ಹೋಗುತ್ತಾರೆ. ಅದರ ಬಗ್ಗೆ ರಾಜ್ಯದಲ್ಲಿ ದೊಂಬಿ ಆದದ್ದು ನನಗೆ ನೆನಪಿಲ್ಲ. 2015ರಲ್ಲಿ ಸರಕಾರ ನವೆಂಬರ್ 10ನ್ನು ಜಯಂತಿ ಎಂದು ಮಾಡಿತು. 2019ರಲ್ಲಿ ಬೇರೆ ಸರಕಾರ ರದ್ದು ಮಾಡಿತು. ನಡುವಿನ ವರ್ಷಗಳಲ್ಲಿ ಎಷ್ಟು ಜಗಳ! ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂದು ಊರೆಲ್ಲ ಕಚ್ಚಾಡುತ್ತಿದ್ದಾಗ, ನಮ್ಮ ಮಸೀದಿಯ ಜಗಲಿಯಲ್ಲಿ ಕೆಲವು ಮುದುಕರು ಬೇರೆಯೇ ತಕರಾರು ತೆಗೆದಿದ್ದರು: ಜಯಂತಿ ಎಂಬುದು ನಮ್ಮಲ್ಲಿ ಎಲ್ಲಿದೆ?

— ನಮಗೆ ಮಾತ್ರ ಶಾಲೆಯಲ್ಲಿ ವರ್ಷಪೂರ್ತಿ ಜಯಂತಿಗಳು. ಫೋಟೋ ಹುಡುಕಿ, ಹೂವಿನ ಹಾರ ತಂದು, ವರದಿ ಕಳಿಸಿ...

— ಸರಕಾರಕ್ಕೆ ಯಾರನ್ನಾದರೂ ಗೌರವಿಸಬೇಕಾದರೆ ಅದೊಂದೇ ದಾರಿ ಗೊತ್ತು.

(ಇದು ಸರಕಾರಕ್ಕಷ್ಟೇ ಅಲ್ಲ. ಫೋನು, ಬ್ಯಾಂಕು, ಸಾಮಾಜಿಕ ಜಾಲತಾಣ ಎಲ್ಲವೂ ಹುಟ್ಟಿದ ದಿನವನ್ನೇ ಮನುಷ್ಯನ ಗುರುತು ಮಾಡಿಕೊಂಡಿವೆ. ಆಚರಿಸದವನಿಗೂ ಬೆಳಗ್ಗೆ ಎದ್ದರೆ ಆಭರಣದಂಗಡಿಯಿಂದ ಶುಭಾಶಯದ ಸಂದೇಶ ಬಂದಿರುತ್ತದೆ. ಫತ್ವಾ ಕೊಡುವವರು ಈ ಒತ್ತಡದ ಬಗ್ಗೆ ಮಾತಾಡಿದ್ದು ನಾನು ಹೆಚ್ಚು ಕೇಳಿಲ್ಲ.)

— ಹುಟ್ಟಿದ್ದರ ಸಂತೋಷವನ್ನು ತೋರಿಸಲು ನಿಮ್ಮಲ್ಲಿ ಏನೂ ಇಲ್ಲವೇ? ಅದು ಸ್ವಲ್ಪ ಒಣ ಧರ್ಮ ಅನಿಸುತ್ತದೆ.

— ಅಕೀಕಾ ಇದೆಯಲ್ಲ! ಏಳನೇ ದಿನ ಹೆಸರಿಟ್ಟು, ತಲೆಗೂದಲು ತೆಗೆದು, ಆ ಕೂದಲಿನ ತೂಕದ ಬೆಳ್ಳಿಯನ್ನು ಬಡವರಿಗೆ ಕೊಡುವುದು. ಗಂಡಾದರೆ ಎರಡು ಆಡು, ಹೆಣ್ಣಾದರೆ ಒಂದು.

— ಹೆಣ್ಣಾದರೆ ಒಂದು!

— ನೀವು ಅಲ್ಲಿ ನಿಲ್ಲುತ್ತೀರಿ ಎಂದು ಗೊತ್ತಿತ್ತು. ಹದೀಸಿನಲ್ಲಿರುವುದು ಹಾಗೆ. ಮಾಲಿಕಿಗಳು ಇಬ್ಬರಿಗೂ ಒಂದೊಂದು ಎನ್ನುತ್ತಾರೆ. ಮಾಂಸ ಹಂಚುತ್ತಾರೆ, ನೆರೆಹೊರೆಯವರಿಗೆ ಊಟ ಹಾಕುತ್ತಾರೆ. ಒಂದು ಜೀವ ಬಂತು ಎಂದು ಊರಿಗೆ ತಿಳಿಸುವುದು ಒಂದೇ ಸಲ. ವಿರೋಧಿಸುವವರ ಮಾತಿನಲ್ಲಿ ನನಗೆ ನಿಜವಾಗಿ ತೂಕ ಕಾಣುವುದು ಇಲ್ಲಿ. ಅನುಕರಣೆಯ ವಾದ ನನಗೆ ಅಷ್ಟು ಹಿಡಿಸುವುದಿಲ್ಲ. ಸಾಲ್‌ಗಿರಹ್ ನೋಡಿದ ಮೇಲೆ ಯಾರದ್ದು ಯಾರಿಂದ ಬಂತು ಎಂದು ಹೇಳುವುದು ಕಷ್ಟ. ದುಂದುವೆಚ್ಚದ ಮಾತಿಗೆ ಮಾತ್ರ ನಾನು ಅವರ ಕಡೆ. ಈಗ ನಮ್ಮ ಕರಾವಳಿಯಲ್ಲಿ ಮಗುವಿಗೆ ಒಂದು ವರ್ಷ ಆಯಿತೆಂದರೆ ಹಾಲ್ ಬಾಡಿಗೆ, ಬಲೂನಿನ ಕಮಾನು, ಫೋಟೋಗ್ರಾಫರು. ಗಲ್ಫಿನಲ್ಲಿ ಬಿಸಿಲಲ್ಲಿ ದುಡಿಯುವ ಅಪ್ಪ ಸಾಲ ಮಾಡಿ ಕಳಿಸಬೇಕು. ಮಗು ನಿದ್ದೆ ಮಾಡಿರುತ್ತದೆ. ಹೀಗೆ ಮಾಡುವವರಲ್ಲೇ ಕೆಲವರು, ಮೌಲೂದ್ ಬಿದ್‌ಅತ್, ಧರ್ಮಕ್ಕೆ ಹೊಸದಾಗಿ ಸೇರಿಸಿದ್ದು, ಅಜ್ಜಂದಿರಿಗೆ ತಿಳಿವಳಿಕೆ ಇರಲಿಲ್ಲ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಆಗ.

— ಎರಡನ್ನೂ ಬೇಡ ಎನ್ನುವವರು?

— ಅವರ ಬಗ್ಗೆ ನನಗೆ ಗೌರವ ಇದೆ. ಒಂದು ನಿಯಮ ಹಿಡಿದು ನಡೆಯುತ್ತಾರೆ. ನಿಮ್ಮಲ್ಲಿಗೆ ಬಂದ ತಾಯಿ ಬಹುಶಃ ಅಂಥವರು. ಮೌಲೂದಿನವರ ಮೆರವಣಿಗೆಯಲ್ಲೂ ಈಗ ಡಿಜೆ ಹೊಕ್ಕಿದೆ, ಅದನ್ನೂ ಹೇಳಿಬಿಡುತ್ತೇನೆ, ನಮ್ಮವರೆಂದು ಬಿಡಬಾರದು.

— ನೀವು ಮೌಲೂದಿನ ಕಡೆಯವರು, ಕೇಕಿನ ಕಡೆಯವರಲ್ಲ. ಅಲ್ಲವೇ?

— ಮೌಲೂದ್ ನನಗೆ ಆರಾಧನೆಗೆ ಹತ್ತಿರದ್ದು, ಅದಕ್ಕೆ ಹಿರಿಯರ ಆಧಾರ ಇದೆ. ಕೇಕು ರೂಢಿ, ಅದಕ್ಕೆ ಆಧಾರ ಬೇಕಾಗಿಯೇ ಇಲ್ಲ. ಹಾಗಾಗಿ ನಾನು ಕೇಕನ್ನು ಹರಾಮ್ ಎನ್ನುವುದಿಲ್ಲ. ಮೊಮ್ಮಕ್ಕಳು ಕತ್ತರಿಸಿದರೆ ಒಂದು ತುಂಡು ತಿನ್ನುತ್ತೇನೆ, ಸಕ್ಕರೆ ಕಾಯಿಲೆಯಿಂದಾಗಿ ಸಣ್ಣ ತುಂಡು. ನನ್ನ ತಮ್ಮನ ಮಗ ತಿನ್ನುವುದಿಲ್ಲ. ಅವನು ಕೇಕು ಕತ್ತರಿಸುವ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಾನೆ, ಊಟಕ್ಕೆ ಒಳಗೆ ಬರುತ್ತಾನೆ. ಯಾರೂ ಏನೂ ಹೇಳುವುದಿಲ್ಲ.

— ಆದರೆ ನನಗೆ ತರಗತಿಗೆ ಒಂದು ನಿಯಮ ಬೇಕು ಉಸ್ತಾದರೇ. ಮುಸ್ಲಿಂ ಮಕ್ಕಳಿಗೆ ಹೀಗೆ ಎಂದು.

— ಅದೊಂದನ್ನು ಮಾತ್ರ ನಾನು ಕೊಡುವುದಿಲ್ಲ. ಮುಸ್ಲಿಂ ಮಕ್ಕಳಿಗೆ ಹೀಗೆ ಎಂದು ನೀವು ಬರೆದಿಟ್ಟರೆ, ಎರಡು ಪ್ಯಾಕೆಟ್ ಚಾಕೊಲೇಟ್ ಕಳಿಸಿದ ತಾಯಿಗೆ ಏನು ಹೇಳುತ್ತೀರಿ? ನಿಮ್ಮ ಧರ್ಮ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು ಎಂದೇ?

— ಹಾಗಲ್ಲ...

— ಬೇಡ ಎಂದ ತಾಯಿಯನ್ನು ಕೂರಿಸಿಕೊಂಡು ಕೇಳಿ, ಏನೇನು ಬೇಡ ಎಂದು. ತಮ್ಮ ಮಗುವಿಗೆ ಹಾಡುವುದು ಬೇಡವೋ, ಬೇರೆ ಮಕ್ಕಳಿಗೆ ಹಾಡುವಾಗ ಜೊತೆಗೂಡುವುದೂ ಬೇಡವೋ, ಬೇರೆಯವರು ಕೊಟ್ಟ ಚಾಕೊಲೇಟ್ ತಿನ್ನಬಹುದೋ. ನೆರೆಯವರು ಕೊಟ್ಟ ಸಿಹಿ ತೆಗೆದುಕೊಳ್ಳುವುದರಲ್ಲಿ ತೊಂದರೆಯಿಲ್ಲ ಎನ್ನುವವರು ಬಹಳ, ಪ್ರವಾದಿಯವರೇ ಉಡುಗೊರೆ ಸ್ವೀಕರಿಸುತ್ತಿದ್ದರು. ಆದರೂ ಅವರಿಗೆ ಬೇಡ ಎಂದರೆ ಬೇಡ. ಆರು ವರ್ಷದ ಮಗುವಿನ ಮುಂದೆ ಫತ್ವಾದ ಚರ್ಚೆ ಆಗಬಾರದು.

— ಮೂರೂ ಬೇಡ ಎಂದರೆ?

— ಮೂರೂ ಬೇಡ. ಆ ಹೊತ್ತಿಗೆ ಮಗುವಿಗೆ ಏನಾದರೂ ಕೆಲಸ ಕೊಡಿ. ಶಿಕ್ಷೆ ಅನಿಸಬಾರದು.

— ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟು ಬಾ ಎನ್ನಲೇ? ಮಕ್ಕಳಿಗೆ ಅದು ದೊಡ್ಡ ಗೌರವ.

— ಒಳ್ಳೆಯದು.

— ಇಲ್ಲವಾದರೆ ಚಾಕೊಲೇಟ್ ಕಾಗದಗಳನ್ನು ಹೆಕ್ಕುವ ಕೆಲಸ?

— ಅದು ಬೇಡ ಟೀಚರೇ. ಹುಟ್ಟುಹಬ್ಬದ ಕಸ ಹೆಕ್ಕುವುದು ಹುಟ್ಟುಹಬ್ಬಕ್ಕೆ ಸಹಾಯ ಮಾಡಿದ ಹಾಗಲ್ಲವೇ ಎಂದು ನನ್ನ ತಮ್ಮನ ಮಗ ಕೇಳುತ್ತಾನೆ.